ಎಳೆ ಕುದುರೆಗೆ ಜೀನು ಹಾಕುವ ಮೊದಲು, ಹಾಕಿದ ಮೇಲೆ

ಮಹಾರಾಷ್ಟ್ರದ ಸಾರಂಗಖೇಡದಲ್ಲಿ ದತ್ತ ಜಯಂತಿಯ ಕುದುರೆ ಜಾತ್ರೆ ಮುಗಿಯುತ್ತಿದ್ದಂತೆ ನನಗೆ ಫೋನುಗಳು ಶುರುವಾಗುತ್ತವೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಹುಡುಗರು ಅಲ್ಲಿಂದ ಎಳೆ ಕುದುರೆ ತಂದಿರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ. "ಅಣ್ಣಾ, ಸಿದ್ಧೇಶ್ವರ ಜಾತ್ರಿಗೆ ಹತ್ತಲಿಕ್ಕೆ ಬರ್ತದೇನ್ರಿ?" ದತ್ತ ಜಯಂತಿ ಬರುವುದು ಡಿಸೆಂಬರ್‌ನಲ್ಲಿ. ನಮ್ಮ ವಿಜಯಪುರದ ಜಾತ್ರೆ ಸಂಕ್ರಾಂತಿಗೆ. ನಡುವೆ ಸುಮಾರು ಒಂದು ತಿಂಗಳು. ಬರುವುದಿಲ್ಲ ಅಂತಲೇ ಹೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ. ಯಾವಾಗ ಹತ್ತಬೇಕು ಅನ್ನೋದನ್ನು ಕುದುರೆಯ ಎಲುಬು, ಹಲ್ಲು, ಮನಸ್ಸು ತೀರ್ಮಾನ ಮಾಡಬೇಕು. ಜಾತ್ರೆ, ಮದುವೆ, ಶರ್ಯತ್ತಿನ ತಾರೀಖು ತೀರ್ಮಾನ ಮಾಡಬಾರದು.

ನಮ್ಮದು ಟಾಂಗಾ ಮನೆ. ಸ್ಟೇಷನ್, ಗೋಳಗುಮ್ಮಟ, ಇಬ್ರಾಹಿಂ ರೋಜಾ ಅಂತ ಅಪ್ಪ ಟಾಂಗಾ ಓಡಿಸಿದ ದಾರಿಯಲ್ಲೇ ನಾನು ಕುದುರೆ ಕಲಿತೆ. ಈಗ ಗಾಡಿಗಿಂತ ಜೀನಿಗೆ ಪಳಗಿಸಿ ಕೊಡಿ ಅನ್ನುವವರೇ ಜಾಸ್ತಿ. ಎರಡೂ ಕೆಲಸ ಮಾಡಿದವನಾಗಿ, ಮನೆಯಲ್ಲೇ ಮರಿ ಪಳಗಿಸಲು ಹೊರಟವರಿಗೆ ನಾನು ಹೇಳುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಯಸ್ಸು. ಎರಡು ವರ್ಷದ ಮರಿ ಎತ್ತರದಲ್ಲಿ ದೊಡ್ಡ ಕುದುರೆಯ ಹತ್ತಿರ ಬಂದಿರುತ್ತದೆ. ಅದಕ್ಕೇ ಮಂದಿ ಮೋಸ ಹೋಗುತ್ತಾರೆ. ಕುದುರೆಯ ಎಲುಬು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಗೊರಸಿನ ಮೇಲಿನ ಸಣ್ಣ ಎಲುಬುಗಳ ಬೆಳವಣಿಗೆ ಒಂದು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮುಂಗಾಲಿನ ಮಂಡಿಯ ಮೇಲ್ಭಾಗಕ್ಕೆ ಎರಡರಿಂದ ಎರಡೂವರೆ ವರ್ಷ ಬೇಕು. ಬೆನ್ನೆಲುಬು ಎಲ್ಲಕ್ಕಿಂತ ಕೊನೆ, ಐದು ವರ್ಷ ದಾಟಿದ ಮೇಲೆ. ನಾವು ಕೂರುವುದು ಆ ಬೆನ್ನಿನ ಮೇಲೆಯೇ ಅಲ್ವಾ? ಹಾಗಾಗಿ ನಾನು ಮೂರು ವರ್ಷ ತುಂಬುವ ತನಕ ಯಾರನ್ನೂ ಕೂರಿಸುವುದಿಲ್ಲ. ಮೂರರಿಂದ ನಾಲ್ಕರವರೆಗೆ ಹಗುರ ಕೆಲಸ. ಓಟ, ಜಿಗಿತ, ಮೆರವಣಿಗೆಯಲ್ಲಿ ತಾಸುಗಟ್ಟಲೆ ನಿಲ್ಲಿಸುವುದು, ಇವೆಲ್ಲ ಆಮೇಲೆ.

ಮಾರುವವನು ಹೇಳಿದ ವಯಸ್ಸನ್ನು ನಂಬಬೇಡಿ, ತುಟಿ ಎತ್ತಿ ನೋಡಿ. ಮುಂದಿನ ಹಲ್ಲು ಕೆಳಗೆ ಆರು ಇರುತ್ತವೆ, ಮೇಲೆ ಆರು. ನಡುವಿನ ಜೋಡಿ ಹಾಲುಹಲ್ಲು ಸುಮಾರು ಎರಡೂವರೆ ವರ್ಷಕ್ಕೆ ಬಿದ್ದು ಕಾಯಂ ಹಲ್ಲು ಬರುತ್ತದೆ. ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ. ಐದಕ್ಕೆ ಬಾಯಿಗೂಡುತ್ತದೆ, ಅಂದರೆ ಮುಂದಿನ ಹಲ್ಲೆಲ್ಲ ಕಾಯಂ ಆಗಿರುತ್ತವೆ. ಹಾಲುಹಲ್ಲು ಬಿಳಿ, ಸಣ್ಣದು, ಬುಡದಲ್ಲಿ ಇನ್ನೂ ಸಣ್ಣಗಾಗಿರುತ್ತದೆ. ಕಾಯಂ ಹಲ್ಲು ಅಗಲ, ಸ್ವಲ್ಪ ಹಳದಿ. ಎತ್ತಿನ ಹಲ್ಲು ನೋಡಿ ಗೊತ್ತಿರುವ ರೈತರಿಗೆ ಇದು ಕಷ್ಟವಲ್ಲ, ಎತ್ತಿಗೂ ಕುದುರೆಗೂ ವರ್ಷದ ಲೆಕ್ಕ ಬೇರೆ ಅಷ್ಟೇ. ಕೆಳಗಿನ ಆರೂ ಹಾಲುಹಲ್ಲೇ ಇದ್ದರೆ ಆ ಮರಿಗೆ ಎರಡೂವರೆ ವರ್ಷ ಇನ್ನೂ ಆಗಿಲ್ಲ. ಅದು ಎಷ್ಟೇ ಎತ್ತರ ಇರಲಿ, ಜೀನು ಗೋಡೆಯ ಮೇಲೇ ಇರಲಿ.

ಇನ್ನು ಸುಳಿ. ನಮ್ಮ ಕಡೆ ಕುದುರೆ ಕೊಳ್ಳುವಾಗ ಮೈಮೇಲಿನ ಸುಳಿ ನೋಡುವವರು ಬಹಳ. ಗಂಟಲಿನ ಮೇಲೆ ದೇವಮಣಿ ಅನ್ನುವ ಸುಳಿ ಇದ್ದರೆ ಶುಭ, ಇಂಥ ಕಡೆ ಇದ್ದರೆ ದೋಷ ಅಂತ. ನಾಲ್ಕು ಕಾಲು ಮತ್ತು ಹಣೆ ಬೆಳ್ಳಗಿದ್ದರೆ ಪಂಚಕಲ್ಯಾಣಿ ಅಂತ ದುಡ್ಡು ಜಾಸ್ತಿ. ಹಿರಿಯರ ನಂಬಿಕೆಗೆ ನಾನು ಅಡ್ಡ ಮಾತಾಡುವುದಿಲ್ಲ. ಆದರೆ ಸುಳಿಯಿಂದ ಯಾವ ಕುದುರೆಯೂ ಕುಂಟುವುದಿಲ್ಲ. ಸುಳಿ ಸರಿಯಿಲ್ಲ ಅಂತ ಬಿಟ್ಟು ಹೋದ ಒಳ್ಳೆಯ ಕುದುರೆಗಳನ್ನೂ ನೋಡಿದ್ದೇನೆ, ಸುಳಿ ಚೆನ್ನಾಗಿದೆ ಅಂತ ಕೊಂಡ ಕುಂಟು ಕುದುರೆಗಳನ್ನೂ ನೋಡಿದ್ದೇನೆ. ಸುಳಿ ನೋಡುವಷ್ಟೇ ಹೊತ್ತು ಕಾಲು ನೋಡಿ.

ಕಾಲು ನೋಡುವುದು ಹೀಗೆ. ಕುದುರೆಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಿಂತಲ್ಲೇ ಒಂದೇ ಮುಂಗಾಲನ್ನು ಪದೇ ಪದೇ ಮುಂದೆ ಚಾಚುತ್ತಿದ್ದರೆ ಆ ಕಾಲಿನಲ್ಲಿ ನೋವಿರಬಹುದು. ಮಂಡಿಯಿಂದ ಕೆಳಗೆ ಎರಡೂ ಕೈಯಲ್ಲಿ ಸವರಿ, ಎಡಗಾಲು ಬಲಗಾಲು ಹೋಲಿಸಿ. ಒಂದು ಬಿಸಿ, ಒಂದು ತಣ್ಣಗೆ ಇರಬಾರದು. ಒಂದೊಂದೇ ಗೊರಸು ಎತ್ತಿ ಕೆಳಗೆ ನೋಡಿ. ನಡುವಿನ ಮೆತ್ತನೆಯ ಭಾಗದ ಪಕ್ಕದ ಸಂದಿನಲ್ಲಿ ಕಪ್ಪಗೆ ಕೊಳೆತು ನಾರುತ್ತಿದ್ದರೆ ಲಾಯ ಒದ್ದೆಯಾಗಿತ್ತು ಅಂತ ಅರ್ಥ. ಅದು ವಾಸಿಯಾಗುತ್ತದೆ, ಆದರೆ ವಾಸಿಯಾಗುವ ತನಕ ಕೆಲಸ ಬೇಡ. ಆಮೇಲೆ ಡಾಂಬರು ರಸ್ತೆಯ ಮೇಲೆ ಹಗ್ಗ ಸಡಿಲ ಬಿಟ್ಟು ನಡೆಸಿ, ಟ್ರಾಟ್ (ಸಣ್ಣ ಓಟ) ಓಡಿಸಿ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಟಕ್ ಟಕ್ ಸದ್ದು ಒಂದೇ ಸಮ ಇರಬೇಕು. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ತಾಗುವಾಗ ಕೆಳಗಿಳಿಯುತ್ತದೆ. ಎಡಕ್ಕೂ ಬಲಕ್ಕೂ ಸಣ್ಣ ಸುತ್ತು ಹೊಡೆಸಿ ನೋಡಿ. ನೆಟ್ಟಗೆ ಓಡುವಾಗ ಕಾಣದ ಕುಂಟು ಸುತ್ತಿನಲ್ಲಿ ಕಾಣುತ್ತದೆ.

ಬೆನ್ನಿನ ಮೇಲೆ, ಬೆನ್ನೆಲುಬಿನ ಎರಡೂ ಪಕ್ಕ ಬೆರಳಿನಿಂದ ಒತ್ತುತ್ತಾ ಹೋಗಿ. ಎಲ್ಲಾದರೂ ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ಆ ಜಾಗ ನೆನಪಿಟ್ಟುಕೊಳ್ಳಿ. ಕಪ್ಪು ಅಥವಾ ಕೆಂಪು ಕುದುರೆಯ ಬೆನ್ನಲ್ಲಿ ಬಿಡಿ ಬಿಳಿ ಕೂದಲಿನ ಮಚ್ಚೆ ಇದ್ದರೆ ಯಾರೋ ಕೆಟ್ಟ ಜೀನು ಹಾಕಿ ಹುಣ್ಣು ಮಾಡಿದ್ದಾರೆ ಅಂತ ಅನುಮಾನ ಪಡಿ. "ಯಾರೂ ಹತ್ತಿಲ್ಲರಿ" ಅಂತ ಮಾರುವವನು ಹೇಳಿದರೂ ಬೆನ್ನು ಬೇರೆಯದೇ ಹೇಳುತ್ತಿರುತ್ತದೆ. ಬಾಯಿಯ ಮೂಲೆಯಲ್ಲಿ ಹಳೆ ಗಾಯದ ಗುರುತಿದೆಯೇ ಅಂತಲೂ ನೋಡಿ.

ಡಾಕ್ಟರರಿಂದ ಮಾಡಿಸಲೇಬೇಕಾದ ಕೆಲಸ ಕೆಲವಿವೆ. ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆಯ ಕಾಗದ ಇಲ್ಲದೆ ಹೊರಗಿನ ಕುದುರೆಯನ್ನು ಮನೆಯ ಕುದುರೆಗಳ ಹತ್ತಿರ ಬಿಡಬೇಡಿ. ಅದು ಮನುಷ್ಯರಿಗೂ ಅಂಟುವ ರೋಗ. ಧನುರ್ವಾಯು ಲಸಿಕೆ ಹಾಕಿಸಿ, ಕುದುರೆಗೆ ಆ ರೋಗ ಬಹಳ ಬೇಗ ತಗಲುತ್ತದೆ. ಜಂತಿನ ಔಷಧ ಕೊಡಿಸಿ. ಬಾಯಿ ತೆಗೆಸಿ ದವಡೆ ಹಲ್ಲುಗಳನ್ನೂ ನೋಡಿಸಿ. ದವಡೆಯ ಮೊದಲ ಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ಪುಟ್ಟ ಹಲ್ಲೊಂದು ಇರುತ್ತದೆ, ಡಾಕ್ಟರರು ವುಲ್ಫ್ ಟೂತ್ ಅನ್ನುತ್ತಾರೆ. ಕಡಿವಾಣ ಅದಕ್ಕೆ ಬಡಿದರೆ ಕುದುರೆ ತಲೆ ಕೊಡವುತ್ತದೆ, ನಾವು ಅದನ್ನು ಹಠಮಾರಿ ಅನ್ನುತ್ತೇವೆ. ಕಡಿವಾಣ ಹಾಕುವ ಮೊದಲೇ ತೆಗೆಸಿದರೆ ಒಳ್ಳೆಯದು. ಆರಾಮಾಗಿ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಜ್ವರ ನೋಡಿದರೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಹಿಡಿಯುವುದನ್ನು ಅವರಿಂದಲೇ ಕಲಿತುಕೊಳ್ಳಿ. ಮುಂದೆ ಪ್ರತಿ ದಿನ ಬೇಕಾಗುತ್ತದೆ.

ಮನಸ್ಸು ನೋಡುವುದು ಹೇಗೆ? ನಾನು ಛತ್ರಿ ತೆಗೆದುಕೊಂಡು ಹೋಗುತ್ತೇನೆ. ಸ್ವಲ್ಪ ದೂರದಲ್ಲಿ ನಿಂತು ಬಿಚ್ಚುತ್ತೇನೆ. ಎಳೆ ಕುದುರೆ ಬೆದರಿಯೇ ಬೆದರುತ್ತದೆ, ಅದು ತಪ್ಪಲ್ಲ. ಬೆದರಿದ ಮೇಲೆ ಎಷ್ಟು ಬೇಗ ತಿರುಗಿ ನೋಡುತ್ತದೆ, ಎಷ್ಟು ಬೇಗ ತಲೆ ತಗ್ಗಿಸಿ ಬಾಯಿ ಆಡಿಸುತ್ತದೆ, ಅದನ್ನು ನೋಡಬೇಕು. ಅರ್ಧ ನಿಮಿಷದಲ್ಲಿ ಛತ್ರಿಯ ಕಡೆ ಮೂಗು ಚಾಚುವ ಮರಿ ನನಗೆ ಇಷ್ಟ. ಹತ್ತು ನಿಮಿಷವಾದರೂ ಕಣ್ಣಂಚು ಬೆಳ್ಳಗೆ ಮಾಡಿ ನಡುಗುವ ಮರಿಯೂ ಪಳಗುತ್ತದೆ. ಆದರೆ ಮೊದಲ ಸಲ ಪಳಗಿಸುವವರು ಅದನ್ನು ಕೊಳ್ಳಬಾರದು.

ಕುದುರೆ ಮನೆಗೆ ಬಂದ ಕೂಡಲೇ ಕೆಲಸ ಶುರು ಮಾಡಬೇಡಿ. ನೀರು ಬದಲಾಗಿರುತ್ತದೆ, ಮೇವು ಬದಲಾಗಿರುತ್ತದೆ. ಹೊಸ ಮೇವಿಗೆ ಒಂದು ವಾರದಿಂದ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ, ಇಲ್ಲದಿದ್ದರೆ ಹೊಟ್ಟೆನೋವು ಬರುತ್ತದೆ. ಕುದುರೆಯ ಹೊಟ್ಟೆನೋವು ಜೀವ ತೆಗೆಯಬಲ್ಲದು. ಒಣ ಮೇವು, ಹುಲ್ಲು, ಕುದುರೆಮಸಾಲೆ ಸೊಪ್ಪು ಜಾಸ್ತಿ ಇರಲಿ, ಕಾಳು ಕಡಿಮೆ ಇರಲಿ. ಶಕ್ತಿ ಬರಲಿ ಅಂತ ಮೂರು ಹೊತ್ತು ಹುರುಳಿ ತಿನ್ನಿಸಿ, ಕಟ್ಟಿಹಾಕಿ, ಆಮೇಲೆ "ಭಾಳ ಜಿಗೀತದರಿ" ಅಂತ ಫೋನು ಮಾಡುವವರು ಇದ್ದಾರೆ. ಜಿಗಿಯುವುದು ಹುರುಳಿ. ಎಳೆ ಜೋಳದ ಸೊಪ್ಪನ್ನು ಮಾತ್ರ ಹಾಕಲೇಬೇಡಿ, ಅದರಲ್ಲಿ ವಿಷ ಇರುತ್ತದೆ.

ನೆಲದ ಆಯ್ಕೆಗೂ ಗಮನ ಕೊಡಿ. ನಮ್ಮ ಎರೆ ಹೊಲ ಮಳೆಯಲ್ಲಿ ಕಾಲು ಹಿಡಿದು ಎಳೆಯುತ್ತದೆ, ಬೇಸಿಗೆಯಲ್ಲಿ ಗೊರಸು ಇಳಿಯುವಷ್ಟು ಬಿರುಕು ಬಿಡುತ್ತದೆ. ಎರಡೂ ಎಳೆ ಕಾಲಿಗೆ ಕೆಟ್ಟವು. ಹಳ್ಳದ ಆಳ ಮರಳು ಮೆತ್ತಗಿದೆ ಅಂತ ಅಲ್ಲಿ ಓಡಿಸಬೇಡಿ, ಕಾಲಿನ ಹಿಂಭಾಗದ ನರ ಎಳೆಯುತ್ತವೆ. ಮಸಾರಿ (ಕೆಂಪು ಮಣ್ಣಿನ) ನೆಲ, ಕಲ್ಲು ಆರಿಸಿದ್ದು, ಮೇಲೆ ಎರಡು ಮೂರು ಇಂಚು ಸಡಿಲ ಮಣ್ಣು ಇದ್ದರೆ ಅದಕ್ಕಿಂತ ಒಳ್ಳೆಯದು ಬೇಡ. ಸುತ್ತ ಬೇಲಿ ಇರಲಿ, ಆದರೆ ಮುಳ್ಳುತಂತಿ ಬೇಡ.

ಪಾಠ ಶುರುವಾಗುವುದು ನೆಲದ ಮೇಲೆ. ಹಾಲ್ಟರ್ (ಕಡಿವಾಣ ಇಲ್ಲದ ಮುಖಪಟ್ಟಿ) ಹಾಕಿ, ಹಗ್ಗ ಹಿಡಿದು ಮುಂದೆ ನಡೆ, ನಿಲ್ಲು, ಹಿಂದೆ ಸರಿ, ಪಕ್ಕಕ್ಕೆ ಸರಿ. ಇಷ್ಟೇ. ಆದರೆ ಇದರಲ್ಲೇ ಎಲ್ಲಾ ಇದೆ. ಹಗ್ಗ ಎಳೆದಾಗ ಕುದುರೆ ಕಲಿಯುವುದಿಲ್ಲ, ಬಿಟ್ಟಾಗ ಕಲಿಯುತ್ತದೆ. ಅದು ಒಂದು ಹೆಜ್ಜೆ ಮುಂದಿಟ್ಟ ಗಳಿಗೆಯಲ್ಲೇ ನಿಮ್ಮ ಕೈ ಸಡಿಲವಾಗಬೇಕು. ಒಂದು ಕ್ಷಣ ತಡವಾದರೆ ಅದಕ್ಕೆ ಬೇರೆಯದೇ ಅರ್ಥವಾಗುತ್ತದೆ. ತಲೆ ಎತ್ತಿ ಎಗರಿದಾಗ ಹೆದರಿ ಹಗ್ಗ ಬಿಟ್ಟರೆ, ಎಗರಿದರೆ ಬಿಡುತ್ತಾರೆ ಅನ್ನೋದನ್ನು ಕಲಿಸಿದಂತಾಯಿತು. ಚಾಬೂಕಿನಿಂದ ಪಳಗಿಸಿದೆ ಅನ್ನುವವರ ಕುದುರೆ ಚಾಬೂಕು ಕಂಡಾಗ ಮಾತ್ರ ಮಾತು ಕೇಳುತ್ತದೆ. ಎಲ್ಲವನ್ನೂ ಎಡಗಡೆಯಿಂದಲೂ ಬಲಗಡೆಯಿಂದಲೂ ಮಾಡಿ. ನಾವು ಯಾವಾಗಲೂ ಎಡಗಡೆ ನಿಲ್ಲುವುದರಿಂದ, ಬಲಗಡೆ ಏನಾದರೂ ಕಂಡರೆ ಕುದುರೆಗೆ ಅದು ಹೊಸದಾಗಿಯೇ ಕಾಣುತ್ತದೆ.

ಇದೇ ಹೊತ್ತಿಗೆ ಇನ್ನೊಂದು ಕಲಿಸಿ. ಕುದುರೆಯ ಪಕ್ಕ ನಿಂತು ಹಗ್ಗವನ್ನು ಮೆಲ್ಲಗೆ ನಿಮ್ಮ ಕಡೆ ತನ್ನಿ. ಕುತ್ತಿಗೆ ಬಾಗಿಸಿ ಮೂಗು ಪಕ್ಕೆಯ ಕಡೆ ತಂದು, ಕಾಲು ನಿಲ್ಲಿಸಿದ ಕೂಡಲೇ ಬಿಡಿ. ಎರಡೂ ಕಡೆ. ಮುಂದೆ ಬೆನ್ನ ಮೇಲಿದ್ದಾಗ ಕುದುರೆ ಬೆದರಿ ಓಡಲು ಹೊರಟರೆ, ಎರಡೂ ಲಗಾಮು ಎಳೆದು ಯಾರೂ ನಿಲ್ಲಿಸಲಾರರು. ಒಂದು ಲಗಾಮಿನಿಂದ ಕುತ್ತಿಗೆ ಬಾಗಿಸಿದರೆ ನಿಲ್ಲುತ್ತದೆ. ನೆಲದ ಮೇಲೆ ಕಲಿಯದಿದ್ದರೆ ಅದು ಮೇಲೆ ಕೂತಾಗ ಕೆಲಸಕ್ಕೆ ಬರುವುದಿಲ್ಲ.

ಕಡಿವಾಣ ನಯವಾಗಿರಲಿ, ನಡುವೆ ಒಂದೇ ಕೀಲು ಇರುವುದು ಸಾಕು. ಮುಳ್ಳಿರುವ ಕಡಿವಾಣವನ್ನು ಕೈಯಿಂದಲೂ ಮುಟ್ಟಬೇಡಿ. 1965ರ ಸರಕು ಮತ್ತು ಗಾಡಿ ಪ್ರಾಣಿಗಳ ಹಿಂಸೆ ತಡೆ ನಿಯಮಗಳ ಪ್ರಕಾರ ಅದು ಅಪರಾಧ. ಕಾನೂನು ಇಲ್ಲದಿದ್ದರೂ ಅದು ಬೇಡ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇದೆಯಲ್ಲ, ಕಡಿವಾಣ ಕೂರುವುದು ಅಲ್ಲಿ. ಎಲುಬಿನ ಮೇಲೆ ತೆಳು ಚರ್ಮ ಅಷ್ಟೇ ಇರುವ ಜಾಗ ಅದು. ಒಮ್ಮೆ ಗಾಯವಾಗಿ ಮರಗಟ್ಟಿತೋ, ಆ ಕುದುರೆ ಜೀವನಪೂರ್ತಿ ಕೈ ಮಾತು ಕೇಳುವುದಿಲ್ಲ. ಡಿಸೆಂಬರ್ ಬೆಳಗಿನಲ್ಲಿ ಕಬ್ಬಿಣ ತಣ್ಣಗಿರುತ್ತದೆ, ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ ಹಾಕಿ. ಮೊದಲ ಕೆಲವು ದಿನ ಲಗಾಮು ಕಟ್ಟದೆ ಸುಮ್ನೆ ಬಾಯಲ್ಲಿ ಇರಲಿ, ನಾಲಗೆಯಿಂದ ಆಡಲಿ.

ಜೀನಿಗಿಂತ ಮೊದಲು ಕಂಬಳಿ. ನಮ್ಮ ಕುರಿ ಉಣ್ಣೆಯ ಕಂಬಳಿ ಇದಕ್ಕೆ ಬಹಳ ಒಳ್ಳೆಯದು, ಬೆವರು ಹೀರುತ್ತದೆ. ಮೂಸಲು ಕೊಡಿ, ಹೆಗಲಿಗೆ ಉಜ್ಜಿ, ಬೆನ್ನಿಗೆ ಹಾಕಿ, ತೆಗೆಯಿರಿ, ಮತ್ತೆ ಹಾಕಿ. ಆಮೇಲೆ ಅದರ ಮೇಲೆ ಅಗಲ ಪಟ್ಟಿ ಕಟ್ಟಿ. ಕುದುರೆ ಜಾಸ್ತಿ ಎಗರುವುದು ಹೊಟ್ಟೆಪಟ್ಟಿ ಮೊದಲ ಸಲ ಬಿಗಿಯಾದಾಗ. ಹಾಗಾಗಿ ಒಂದೊಂದೇ ತೂತು ಬಿಗಿ ಮಾಡಿ, ನಡುವೆ ನಾಲ್ಕು ಹೆಜ್ಜೆ ನಡೆಸಿ. ಎಗರಿದರೆ ಎಗರಲಿ, ಉದ್ದ ಹಗ್ಗದಲ್ಲಿ ಸುತ್ತು ಹೊಡೆಯಲಿ, ಬೈಯಬೇಡಿ. ಅದು ಆರಾಮಾದ ಮೇಲೆ ಜೀನು. ಜೀನಿನ ನಡುವೆ ಬೆನ್ನೆಲುಬಿನ ಉದ್ದಕ್ಕೂ ಬೆಳಕು ಕಾಣುವಷ್ಟು ಸಂದು ಇರಬೇಕು. ಜೂಲು ಮುಗಿಯುವ ಕಡೆ ಏರಾಗಿರುವ ಎಲುಬಿಗೆ ಜೀನು ತಾಗಲೇಬಾರದು. ಎಳೆ ಕುದುರೆಯ ಮೈ ಬದಲಾಗುತ್ತಾ ಇರುತ್ತದೆ, ಎರಡು ತಿಂಗಳಿಗೊಮ್ಮೆ ಮತ್ತೆ ನೋಡಿ. ಕೊನೆಗೆ ರಿಕಾಪು (ಸವಾರ ಪಾದ ಇಡುವ ಬಳೆ) ಇಳಿಬಿಟ್ಟು ನಡೆಸಿ, ಪಕ್ಕೆಗೆ ಬಡಿಯುವುದು ರೂಢಿಯಾಗಲಿ.

ಮುಂದಿನದು ಟಾಂಗಾ ಮನೆಯ ಕೆಲಸ. ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡುವುದು ಇದಕ್ಕೇ. ಎರಡು ಉದ್ದ ಲಗಾಮು ರಿಕಾಪಿನೊಳಗಿಂದ ತಂದು, ಕುದುರೆಯ ಹಿಂದೆ ಒದೆ ತಾಗದಷ್ಟು ದೂರದಲ್ಲಿ ನಡೆಯುತ್ತಾ ಓಡಿಸುವುದು. ಅಪ್ಪ ಗಾಡಿ ಕಟ್ಟುವ ಮೊದಲು ವಾರಗಟ್ಟಲೆ ಹೀಗೆ ನಡೆಯುತ್ತಿದ್ದರು. ಜೀನಿನ ಕುದುರೆಗೆ ಇದು ಯಾಕೆ ಅಂತ ಕೇಳುತ್ತಾರೆ. ಮುಂದೆ ಮನುಷ್ಯ ಇಲ್ಲದೆ ತಾನೇ ಮುಂದೆ ಹೋಗುವ ಧೈರ್ಯ ಕುದುರೆಗೆ ಬರುವುದು ಹೀಗೆಯೇ. ತಿರುಗು, ನಿಲ್ಲು, ನಡೆ, ಎಲ್ಲವನ್ನೂ ಲಗಾಮಿನಿಂದ ಮತ್ತು ಮಾತಿನಿಂದ ಕಲಿಯುತ್ತದೆ, ಬೆನ್ನ ಮೇಲೆ ಸವಾರನ ಭಾರ ಇಲ್ಲದೆ. ಮೊದಲು ಹೊಲದ ಬದುವಿನಲ್ಲಿ, ಆಮೇಲೆ ಓಣಿಯಲ್ಲಿ, ಆಮೇಲೆ ಆಟೋ ಹಾರ್ನು, ಕಬ್ಬಿನ ಟ್ರ್ಯಾಕ್ಟರ್, ಮದುವೆ ಬ್ಯಾಂಡು ಇರುವ ಕಡೆ. ಬೆದರುವುದಿದ್ದರೆ ನೀವು ನೆಲದ ಮೇಲಿರುವಾಗಲೇ ಬೆದರಿ ಮುಗಿಸಲಿ.

ಕೂರುವವರ ಭಾರದ ಲೆಕ್ಕ ಮಾಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಎದೆಯ ಮುಂದಿನ ಎಲುಬಿನಿಂದ ಹಿಂಭಾಗದ ಕೊನೆಯ ಎಲುಬಿನವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಸುಮಾರು ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 160, ಉದ್ದ 145 ಇದ್ದರೆ ಸುಮಾರು 312 ಕಿಲೋ. ದೊಡ್ಡ ಕುದುರೆಗೆ ಸವಾರ ಮತ್ತು ಜೀನು ಸೇರಿ ತೂಕದ ನೂರಕ್ಕೆ 20ಕ್ಕಿಂತ ಜಾಸ್ತಿ ಬೇಡ ಅಂತ ಬಲ್ಲವರು ಹೇಳುತ್ತಾರೆ. ಎಳೆಯದಕ್ಕೆ ನಾನು 15ಕ್ಕೆ ನಿಲ್ಲಿಸುತ್ತೇನೆ. ಈ ಕುದುರೆಗೆ ಜೀನು ಸೇರಿ 47 ಕಿಲೋ ಆಯಿತು. ಸಣ್ಣ ಮೈಯವರು ಬೇಕು, ಆದರೆ ಮಕ್ಕಳಲ್ಲ. ಹಗುರ ಇದ್ದಾನೆ ಅಂತ ಮನೆಯ ಹುಡುಗನನ್ನು ಪಳಗದ ಕುದುರೆಯ ಮೇಲೆ ಕೂರಿಸುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸವಾರಿ ಬರುವ, ಬೀಳುವುದು ಗೊತ್ತಿರುವ, ಹಗುರ ಮೈಯ ದೊಡ್ಡವರೇ ಆಗಬೇಕು. ತಲೆಗೆ ಸವಾರಿಯ ಹೆಲ್ಮೆಟ್, ಕಾಲಿಗೆ ಹಿಮ್ಮಡಿ ಇರುವ ಬೂಟು. ಚಪ್ಪಲಿ ಹಾಕಿದರೆ ಪಾದ ರಿಕಾಪಿನೊಳಗೆ ಸಿಕ್ಕಿಕೊಳ್ಳುತ್ತದೆ.

ಮೊದಲ ಸಲ ಕೂರುವ ದಿನ ವಿಶೇಷ ಏನೂ ಆಗಬಾರದು. ಮಂದಿ ಸೇರಿಸಬೇಡಿ, ವಿಡಿಯೋ ಬೇಡ. ಕುದುರೆಗೆ ಗೊತ್ತಿರುವ ಒಬ್ಬರು ತಲೆಯ ಹತ್ತಿರ ಹಗ್ಗ ಸಡಿಲವಾಗಿ ಹಿಡಿದಿರಲಿ. ಸವಾರ ಕಟ್ಟೆಯ ಮೇಲೆ ನಿಂತು ಜೀನಿನ ಮೇಲೆ ಅಡ್ಡ ಒರಗಲಿ, ಇಳಿಯಲಿ. ಎರಡೂ ಕಡೆಯಿಂದ. ಕುದುರೆ ಉಸಿರು ಬಿಟ್ಟು ತಲೆ ತಗ್ಗಿಸಿದರೆ ಅಡ್ಡ ಒರಗಿದಂತೆಯೇ ಎರಡು ಹೆಜ್ಜೆ ನಡೆಸಿ. ಕಿವಿ ಗಟ್ಟಿ, ಬಾಲ ಒತ್ತಿ, ಉಸಿರು ಹಿಡಿದು ನಿಂತಿದ್ದರೆ ಅಲ್ಲಿಗೆ ಸಾಕು, ನಾಳೆ ನೋಡೋಣ. ಸುಮ್ಮನೆ ನಿಂತಿದೆ ಅಂದರೆ ಒಪ್ಪಿದೆ ಅಂತ ಅಲ್ಲ. ಒಪ್ಪಿದ ಮೇಲೆ ಕಾಲು ಹಾಕಿ ಮೆಲ್ಲಗೆ ಕೂರಲಿ, ಕೆಲವು ಹೆಜ್ಜೆ ನಡೆದು ಇಳಿಯಲಿ. ಅಷ್ಟೇ. ಕುದುರೆ ಚೆನ್ನಾಗಿದೆ ಅಂತ ಇನ್ನೊಂದು ಸುತ್ತು ಹೊಡೆಯುವ ಆಸೆ ಬರುತ್ತದೆ. ಇಳಿದುಬಿಡಿ.

ಮುಂದಿನ ಎರಡು ಮೂರು ತಿಂಗಳು ವಾರಕ್ಕೆ ಮೂರು ನಾಲ್ಕು ದಿನ, ಇಪ್ಪತ್ತು ನಿಮಿಷ. ಬಹಳಷ್ಟು ನಡಿಗೆ, ಸ್ವಲ್ಪ ಟ್ರಾಟ್, ನೆಟ್ಟಗಿನ ದಾರಿ, ದೊಡ್ಡ ಸುತ್ತು. ಪಳಗಿದ ಒಂದು ಕುದುರೆಯನ್ನು ಜೊತೆಗೆ ಮುಂದೆ ಬಿಟ್ಟರೆ ಮರಿಗೆ ಧೈರ್ಯ. ನಾಗಾಲೋಟಕ್ಕೆ ಆತುರ ಬೇಡ, ಸವಾರನನ್ನು ಹೊತ್ತು ಮೈ ತೂಗಿಸಿಕೊಳ್ಳುವುದನ್ನು ಅದು ಮೊದಲು ಕಲಿಯಲಿ. ಒಂದು ದಿನ ಇದ್ದಕ್ಕಿದ್ದಂತೆ ಎಗರಿದರೆ, ಜೀನು ಹಾಕುವಾಗ ಕಚ್ಚಲು ಬಂದರೆ, ಮೊದಲು ನೋವು ಹುಡುಕಿ. ಬೆನ್ನು ಒತ್ತಿ ನೋಡಿ, ಹೊಟ್ಟೆಪಟ್ಟಿಯ ಕೆಳಗೆ ನೋಡಿ, ಬಾಯಿ ನೋಡಿ. ಮೂರೂವರೆಯ ಹೊತ್ತಿಗೆ ಹಲ್ಲು ಬೀಳುವ ಕಾಲ ಬರುತ್ತದೆ, ಆಗ ಬಾಯಿ ನೋಯುತ್ತಿದ್ದರೆ ಕೆಲವು ವಾರ ಕಡಿವಾಣ ತೆಗೆದು ಹಾಲ್ಟರ್‌ನಲ್ಲೇ ನೆಲದ ಕೆಲಸ ಮಾಡಿಸಿ.

ಬೆವರಿದ ಕುದುರೆಗೆ ನೀರು ಕೊಡಬಾರದು ಅನ್ನೋ ಮಾತು ನಮ್ಮ ಟಾಂಗಾ ಮಂದಿಯಲ್ಲಿ ಇನ್ನೂ ಇದೆ. ಅದು ಸರಿಯಲ್ಲ. ನಡೆಸುತ್ತಾ ಸ್ವಲ್ಪ ಸ್ವಲ್ಪ ಕುಡಿಸಿ, ಮೈಮೇಲೂ ನೀರು ಹಾಕಿ. ಜೀನು ತೆಗೆದಾಗ ಬೆನ್ನೆಲುಬಿನ ಎರಡೂ ಪಕ್ಕ ಒಂದೇ ಸಮ ಒದ್ದೆಯಾಗಿರಬೇಕು. ಆ ಒದ್ದೆಯ ನಡುವೆ ಅಂಗೈಯಗಲ ಒಣಗಿದ ಜಾಗ ಕಂಡರೆ ಅಲ್ಲಿ ಜೀನು ಒತ್ತುತ್ತಿರಬಹುದು.

ಈ ಕೆಲಸಕ್ಕೆ ನಮ್ಮಲ್ಲಿ ದೀಪಾವಳಿಯಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಸೂರ್ಯ ಹುಟ್ಟುವ ಮೊದಲೇ ಮುಗಿಸಿ. ಗಾಡಿ, ಹೊರೆಯ ಪ್ರಾಣಿಗಳಿಗೆ ಅದೇ 1965ರ ನಿಯಮದಲ್ಲಿ 37 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ನಿಷೇಧ ಇದೆ. ವಿಜಯಪುರದ ಏಪ್ರಿಲ್, ಮೇ 40ನ್ನೂ ದಾಟುತ್ತದೆ. ಆ ಎರಡು ತಿಂಗಳು ನಾನು ಎಳೆ ಕುದುರೆಗಳಿಗೆ ಪೂರ್ತಿ ರಜೆ ಕೊಡುತ್ತೇನೆ. ಜೀನು ತೆಗೆದು, ಬೇವಿನ ನೆರಳಿನಲ್ಲಿ ಅಡ್ಡಾಡಲು ಬಿಟ್ಟರೆ ಸಾಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವುದು ಮಾತ್ರ ರಜೆಯಲ್ಲೂ ನಡೆಯಬೇಕು. ಹಗುರ ಕೆಲಸ, ಮೆತ್ತನೆಯ ನೆಲ ಇದ್ದರೆ ಈ ವಯಸ್ಸಿಗೆ ನಾಲು ಬೇಕಾಗಿಲ್ಲ. ಮುಂಗಾರು ಬಂದು ನೆಲ ಹದವಾದ ಮೇಲೆ ಮತ್ತೆ ಶುರು ಮಾಡುವಾಗ ನೇರವಾಗಿ ಹತ್ತಬೇಡಿ. ಹಾಲ್ಟರ್, ಕಂಬಳಿ, ಹೊಟ್ಟೆಪಟ್ಟಿ, ಉದ್ದ ಲಗಾಮು, ಎಲ್ಲವನ್ನೂ ಮೊದಲಿನಿಂದ ಒಂದು ಸಲ ಮಾಡಿಸಿ. ಹೋದ ಸಲ ತಿಂಗಳು ಹಿಡಿದದ್ದು ಈ ಸಲ ಒಂದು ವಾರದಲ್ಲಿ ಮುಗಿಯುತ್ತದೆ.